ಹತ್ತು ಲಕ್ಷ ಸಹಿ: ಅಮೆರಿಕದ ಲಿಥುವೇನಿಯನ್ ವಲಸಿಗರು ಮತ್ತು ತಾಯ್ನಾಡಿನ ಸ್ವಾತಂತ್ರ್ಯ

1921ರ ಮೇ 31ರಂದು ಅಮೆರಿಕದ ಲಿಥುವೇನಿಯನ್ನರ ನಿಯೋಗವೊಂದು ಅಧ್ಯಕ್ಷ ವಾರೆನ್ ಹಾರ್ಡಿಂಗ್ ಅವರಿಗೆ ಮನವಿಯೊಂದನ್ನು ಸಲ್ಲಿಸಿತು. ಲಿಥುವೇನಿಯಾವನ್ನು ಸ್ವತಂತ್ರ ರಾಷ್ಟ್ರವೆಂದು ಮಾನ್ಯ ಮಾಡಬೇಕೆಂಬುದು ಅದರ ಕೋರಿಕೆ. ಹತ್ತು ಲಕ್ಷ ಸಹಿಗಳು, 138 ಸಂಪುಟಗಳು. ಆಗ ಅಮೆರಿಕದಲ್ಲಿದ್ದ ಲಿಥುವೇನಿಯನ್ನರೆಲ್ಲ ಸೇರಿದರೂ ಇಷ್ಟು ಸಂಖ್ಯೆ ಆಗುತ್ತಿರಲಿಲ್ಲ. ಅನ್ಯಭಾಷಿಕರ ಸಹಿಯಿಲ್ಲದೆ ಈ ಲೆಕ್ಕ ಕೂಡುವುದಿಲ್ಲ. ಪೆನ್ಸಿಲ್ವೇನಿಯಾದ ಕಲ್ಲಿದ್ದಲು ಗಣಿಗಳಲ್ಲಿ, ಷಿಕಾಗೊದ ಕಸಾಯಿಖಾನೆಗಳಲ್ಲಿ ದುಡಿಯುತ್ತಿದ್ದ ಜನರಿಗೆ ಈ ಶಕ್ತಿ ಎಲ್ಲಿಂದ ಬಂತು? ನಾಯಕರ ಭಾಷಣಗಳಿಗಿಂತ ಮೊದಲು ಎರಡು ಸಾಧಾರಣ ವಸ್ತುಗಳತ್ತ ನೋಡಬೇಕೆಂಬುದು ನನ್ನ ವಾದ: ಅಚ್ಚಾದ ಪತ್ರಿಕೆ ಮತ್ತು ವಂತಿಗೆಯ ಲೆಕ್ಕದ ಪುಸ್ತಕ.

ಆಗ ಲಿಥುವೇನಿಯಾ ರಷ್ಯಾದ ಆಳ್ವಿಕೆಯಲ್ಲಿತ್ತು. ಅಲ್ಲಿನ 1863ರ ದಂಗೆಯನ್ನು ಅಡಗಿಸಿದ ಮೇಲೆ ರಷ್ಯಾದ ಆಡಳಿತವು ಲ್ಯಾಟಿನ್ ಲಿಪಿಯಲ್ಲಿ ಲಿಥುವೇನಿಯನ್ ಮುದ್ರಣವನ್ನು ನಿಷೇಧಿಸಿ, ಸಿರಿಲಿಕ್ ಲಿಪಿಯನ್ನು ಹೇರಲು ಹೊರಟಿತು. 1904ರವರೆಗೂ ನಿಷೇಧ ತೆರವಾಗಲಿಲ್ಲ. ಪ್ರಷ್ಯಾದ ಟಿಲ್ಸಿಟ್ ಊರಿನಲ್ಲಿ ಅಚ್ಚಾದ ಪುಸ್ತಕಗಳನ್ನು ‘ಪುಸ್ತಕ ಹೊರುವವರು’ ಎಂದು ಹೆಸರಾದ ಜನ ಗಡಿ ದಾಟಿಸಿ ಕದ್ದು ತರುತ್ತಿದ್ದರು. ಸಿಕ್ಕಿಬಿದ್ದವರಿಗೆ ಸೆರೆವಾಸ, ಗಡೀಪಾರು. ಅದೇ ಹೊತ್ತಿಗೆ, 1879ರಲ್ಲಿ, ನ್ಯೂಯಾರ್ಕಿನಲ್ಲಿ ಲಿಥುವೇನಿಯನ್ ಪತ್ರಿಕೆಯೊಂದು ಬಹಿರಂಗವಾಗಿ ಹೊರಬಂತು. 1884ರಲ್ಲಿ ಅಲ್ಲಿಗೆ ಬಂದ ಯೋನಾಸ್ ಶ್ಲ್ಯೂಪಸ್ ಪತ್ರಿಕೋದ್ಯಮವನ್ನೇ ಚಳವಳಿಯಾಗಿಸಿದರು. 1886ರಲ್ಲಿ ಪ್ಲಿಮತ್ ಎಂಬ ಗಣಿ ಊರಿನಲ್ಲಿ ‘ವಿಯೆನಿಬೆ ಲಿಯೆತುವ್ನಿಂಕು’, ಅಂದರೆ ‘ಲಿಥುವೇನಿಯನ್ನರ ಏಕತೆ’, ಎಂಬ ಪತ್ರಿಕೆ ಶುರುವಾಯಿತು. ತಾಯ್ನಾಡಿನಲ್ಲಿ ಓದಿದರೆ ಅಪರಾಧವಾಗುತ್ತಿದ್ದುದನ್ನು ಗಣಿ ಕಾರ್ಮಿಕನೊಬ್ಬ ಇಲ್ಲಿ ಪಾಳಿ ಮುಗಿಸಿ ಬಂದು ದೀಪದ ಮುಂದೆ ನಿರಾತಂಕವಾಗಿ ಓದಬಹುದಿತ್ತು. ಈ ಅನುಭವವೇ ಅವನ ಮೊದಲ ರಾಜಕೀಯ ಪಾಠವೆಂದು ನಾನು ನಂಬುತ್ತೇನೆ. 1900ರ ಪ್ಯಾರಿಸ್ ವಿಶ್ವ ಪ್ರದರ್ಶನದಲ್ಲಿ ನಿಷೇಧಿತ ಪುಸ್ತಕಗಳನ್ನು ಜಗತ್ತಿನ ಕಣ್ಣೆದುರು ಜೋಡಿಸಿಟ್ಟವರಲ್ಲಿ ಅಮೆರಿಕದ ಲಿಥುವೇನಿಯನ್ನರೇ ಮುಂದಿದ್ದರು.

1886ರಲ್ಲೇ ‘ಅಮೆರಿಕದ ಲಿಥುವೇನಿಯನ್ನರ ಒಕ್ಕೂಟ’ವೂ ಹುಟ್ಟಿತು. ವಂತಿಗೆ ಕೂಡಿಸಿ, ಸದಸ್ಯ ಸತ್ತರೆ ಅವನ ಸಂಸಾರಕ್ಕೆ ಹಣ ಕೊಡುವುದು ಅದರ ಮುಖ್ಯ ಕೆಲಸ. ಗಣಿ ಕುಸಿತ ದಿನನಿತ್ಯದ ಭಯವಾಗಿದ್ದ ಊರುಗಳಲ್ಲಿ ಇದು ಬದುಕಿನ ಪ್ರಶ್ನೆ. ಆದರೆ ಶಾಖೆ ನಡೆಸುವುದೆಂದರೆ ಕಾರ್ಯದರ್ಶಿಯನ್ನು ಆರಿಸಬೇಕು, ಲೆಕ್ಕ ಒಪ್ಪಿಸಬೇಕು, ಪ್ರತಿನಿಧಿಗಳನ್ನು ಕಳುಹಿಸಬೇಕು. ಆ ಪ್ರತಿನಿಧಿಗಳ ಮಹಾಸಭೆಗೆ ಅವರಿಟ್ಟ ಹೆಸರು ‘ಸೈಮಾಸ್’. ಮುಂದೆ ಸ್ವತಂತ್ರ ಲಿಥುವೇನಿಯಾದ ಸಂಸತ್ತಿಗೂ ಅದೇ ಹೆಸರು.

1901ರಲ್ಲಿ ಒಕ್ಕೂಟ ಒಡೆದು ಕ್ಯಾಥೊಲಿಕರದೊಂದು, ಉಳಿದವರದೊಂದು ಆಯಿತು. ಮಹಾಯುದ್ಧದ ಕಾಲಕ್ಕೆ ಕ್ಯಾಥೊಲಿಕರು, ರಾಷ್ಟ್ರೀಯವಾದಿಗಳು, ಸಮಾಜವಾದಿಗಳು ತಮ್ಮ ತಮ್ಮ ನಿಧಿಗಳನ್ನು ಕಟ್ಟಿಕೊಂಡಿದ್ದರು. ಇದನ್ನು ಬರಿಯ ದೌರ್ಬಲ್ಯವೆನ್ನಲಾರೆ: ಚರ್ಚಿಗೆ ಹೋಗದವನನ್ನು ಚರ್ಚಿನ ನಿಧಿ ತಲುಪುತ್ತಿರಲಿಲ್ಲ. ಅಧ್ಯಕ್ಷ ವುಡ್ರೊ ವಿಲ್ಸನ್ 1916ರ ನವೆಂಬರ್ 1ನ್ನು ಯುದ್ಧಸಂತ್ರಸ್ತ ಲಿಥುವೇನಿಯನ್ನರಿಗೆ ನೆರವು ಕೂಡಿಸುವ ದಿನವೆಂದು ಸಾರಿದರು. 1918ರ ಫೆಬ್ರವರಿ 16ರಂದು ವಿಲ್ನಿಯಸ್ಸಿನಲ್ಲಿ ಸ್ವಾತಂತ್ರ್ಯ ಘೋಷಣೆಯಾಯಿತು. ಮರುತಿಂಗಳೇ ಕ್ಯಾಥೊಲಿಕರೂ ರಾಷ್ಟ್ರೀಯವಾದಿಗಳೂ ನ್ಯೂಯಾರ್ಕಿನಲ್ಲಿ ಒಟ್ಟಾಗಿ ಪೂರ್ಣ ಸ್ವಾತಂತ್ರ್ಯಕ್ಕೆ ಒತ್ತಾಯಿಸಿದರು. ಬಳಿಕ ಯೋನಾಸ್ ವಿಲೈಶಿಸ್ ಹೊಸ ಸರ್ಕಾರದ ಪರವಾಗಿ ಬಂದು ಸಾಲಪತ್ರ ಮಾರಿದಾಗ ಸುಮಾರು 18 ಲಕ್ಷ ಡಾಲರ್ ಕೂಡಿತು. ಸತ್ತವರ ಮನೆಗಾಗಿ ವಂತಿಗೆ ಕಟ್ಟಿ ರೂಢಿಯಿದ್ದ ಕೈಗಳು ಅವು.

ಆದರೂ ವಾಷಿಂಗ್ಟನ್ ಕದಲಲಿಲ್ಲ. ರಷ್ಯಾ ಒಡೆಯಬಾರದೆಂಬುದು ಅದರ ನಿಲುವು. 1920ರ ಆಗಸ್ಟಿನಲ್ಲಿ ವಿದೇಶಾಂಗ ಕಾರ್ಯದರ್ಶಿ ಬೇನ್‌ಬ್ರಿಜ್ ಕೋಲ್ಬಿ ಅದನ್ನು ಲಿಖಿತವಾಗಿಯೇ ಸಾರಿದರು. ಆ 138 ಸಂಪುಟಗಳು ಹೋಗಿದ್ದು ಈ ಗೋಡೆಯ ಎದುರಿಗೆ. ಮಾನ್ಯತೆ ದೊರೆತದ್ದು 1922ರ ಜುಲೈ 28ರಂದು. ಸೋವಿಯತ್ ರಷ್ಯಾದ ಕುರಿತ ಅಂದಾಜುಗಳು ಬದಲಾದದ್ದೂ ಇದಕ್ಕೆ ಕಾರಣ. ಬರಿಯ ಸಹಿಗಳಿಂದಲೇ ಆಯಿತೆಂದು ಹೇಳಲಾಗದು.

ಆ ಮಾನ್ಯತೆಯ ನಿಜವಾದ ಬೆಲೆ ತಿಳಿದದ್ದು 1940ರಲ್ಲಿ, ಸೋವಿಯತ್ ಸೇನೆ ದೇಶವನ್ನು ಆಕ್ರಮಿಸಿದಾಗ. ಜುಲೈ 23ರಂದು ಅಮೆರಿಕ ಆ ಕಬಳಿಕೆಯನ್ನು ಒಪ್ಪುವುದಿಲ್ಲವೆಂದು ಘೋಷಿಸಿತು. ಮುಂದಿನ ಅರ್ಧ ಶತಮಾನ ನೆಲದ ಮೇಲೆ ಇಲ್ಲದ ಗಣರಾಜ್ಯದ ರಾಯಭಾರ ಕಚೇರಿ ವಾಷಿಂಗ್ಟನ್ನಿನಲ್ಲಿ ಬಾಗಿಲು ತೆರೆದೇ ಇತ್ತು.