ಹಾರ್ಡ್‌ಡಿಸ್ಕ್ ಕಾಣಿಸುತ್ತಿಲ್ಲವೇ? ಫಾರ್ಮ್ಯಾಟ್ ಮಾಡುವ ಮುನ್ನ ಲಾಗ್ ನೋಡಿ

ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಸಿಕ್ಕಿಸಿದರೂ ಕಂಪ್ಯೂಟರ್‌ನಲ್ಲಿ ಕಾಣಿಸದಿದ್ದರೆ ಡಿಸ್ಕ್ ಕೆಟ್ಟೇಹೋಯಿತು ಎಂದುಕೊಳ್ಳುವವರೇ ಹೆಚ್ಚು. ಆದರೆ ತೊಂದರೆ ಕೇಬಲ್‌ನದೋ, ಡ್ರೈವರ್‌ನದೋ, ಡಿಸ್ಕ್‌ನದೋ ಎಂಬ ಸುಳಿವನ್ನು ವಿಂಡೋಸ್ ತನ್ನ ಲಾಗ್‌ನಲ್ಲಿ ಬರೆದಿಟ್ಟಿರುತ್ತದೆ. ಡಿಸ್ಕ್‌ನಲ್ಲಿರುವ ಫೋಟೋ, ದಾಖಲೆಗಳು ಉಳಿಯಬೇಕಾದರೆ ಮೊದಲು ಅದನ್ನು ಓದಿ.

ಡಿವೈಸ್ ಮ್ಯಾನೇಜರ್‌ನಿಂದ ಆರಂಭಿಸಿ

ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ಈಗ ಡಿಸ್ಕ್ ಸಿಕ್ಕಿಸಿ, ಪಟ್ಟಿಯನ್ನೇ ಗಮನಿಸಿ. ಪಟ್ಟಿ ಸ್ವಲ್ಪವೂ ಬದಲಾಗದಿದ್ದರೆ ಡಿಸ್ಕ್‌ನ ಸಂಕೇತ ಕಂಪ್ಯೂಟರನ್ನೇ ತಲುಪಿಲ್ಲ ಎಂದರ್ಥ. ಬೇರೆ ಕೇಬಲ್, ಬೇರೆ ಪೋರ್ಟ್ ಬಳಸಿ ನೋಡಿ. ಕೆಲವು ಕೇಬಲ್‌ಗಳು ಚಾರ್ಜಿಂಗ್‌ಗೆ ಮಾತ್ರ, ಅವುಗಳಲ್ಲಿ ಡೇಟಾ ಹರಿಯುವುದಿಲ್ಲ.

ಹಳದಿ ಗುರುತು ಕಂಡರೆ ಆ ಸಾಧನದ ಪ್ರಾಪರ್ಟೀಸ್ ತೆರೆಯಿರಿ. ಜನರಲ್ ಟ್ಯಾಬ್‌ನಲ್ಲಿ ಒಂದು ಕೋಡ್ ಇರುತ್ತದೆ.

* ಕೋಡ್ 28: ಡ್ರೈವರ್ ಇನ್‌ಸ್ಟಾಲ್ ಆಗಿಲ್ಲ.
* ಕೋಡ್ 10: ಸಾಧನ ಆರಂಭವಾಗಲಿಲ್ಲ.
* ಕೋಡ್ 43: ಸಾಧನವೇ ದೋಷ ವರದಿ ಮಾಡಿದ್ದರಿಂದ ವಿಂಡೋಸ್ ಅದನ್ನು ನಿಲ್ಲಿಸಿದೆ.

ಕೋಡ್ 43ರ ಜೊತೆ 'ಡಿವೈಸ್ ಡಿಸ್ಕ್ರಿಪ್ಟರ್ ರಿಕ್ವೆಸ್ಟ್ ಫೇಲ್ಡ್' ಎಂದಿದ್ದರೆ, 'ನೀನು ಯಾರು?' ಎಂಬ ಕಂಪ್ಯೂಟರ್‌ನ ಮೊದಲ ಪ್ರಶ್ನೆಗೇ ಸಾಧನ ಉತ್ತರಿಸಿಲ್ಲ. ಕೇಬಲ್, ಪೋರ್ಟ್ ಬದಲಿಸಿ, ಇನ್ನೊಂದು ಕಂಪ್ಯೂಟರ್‌ನಲ್ಲೂ ಪರೀಕ್ಷಿಸಿ. ಪಕ್ಕದ ಈವೆಂಟ್ಸ್ ಟ್ಯಾಬ್‌ನಲ್ಲಿ ಯಾವಾಗ ಏನಾಯಿತು ಎಂಬ ವಿವರ ಸಮಯದ ಸಮೇತ ಸಿಗುತ್ತದೆ.

ಈವೆಂಟ್ ವ್ಯೂವರ್ ಏನು ಹೇಳುತ್ತದೆ?

ಡಿಸ್ಕ್ ಪಟ್ಟಿಯಲ್ಲಿದ್ದೂ ತೆರೆಯದಿದ್ದರೆ ಈವೆಂಟ್ ವ್ಯೂವರ್‌ಗೆ ಹೋಗಿ, ವಿಂಡೋಸ್ ಲಾಗ್ಸ್‌ನ ಕೆಳಗಿರುವ ಸಿಸ್ಟಂ ಆಯ್ಕೆ ಮಾಡಿ. ನೀವು ಡಿಸ್ಕ್ ಸಿಕ್ಕಿಸಿದ ಸಮಯದ ಸಾಲುಗಳನ್ನಷ್ಟೇ ನೋಡಿ. ಸೋರ್ಸ್ ಕಾಲಂನಲ್ಲಿ 'ಡಿಸ್ಕ್' ಎಂದಿದ್ದು ಈವೆಂಟ್ ಐಡಿ 11 ಆಗಿದ್ದರೆ ಅದು ಕಂಟ್ರೋಲರ್ ದೋಷ. ಕೇಬಲ್ ಸಡಿಲವಿದ್ದರೂ ಇದು ಬರಬಹುದು. ಐಡಿ 7 ಎಂದರೆ ಡಿಸ್ಕ್‌ನಲ್ಲಿ ಬ್ಯಾಡ್ ಬ್ಲಾಕ್ ಇದೆ. ಆಗ ರಿಪೇರಿ ಸಾಫ್ಟ್‌ವೇರ್ ಓಡಿಸಬೇಡಿ. ತೆರೆಯಲು ಸಾಧ್ಯವಾಗುವ ಮುಖ್ಯ ಫೈಲ್‌ಗಳನ್ನು ಮೊದಲು ಬೇರೆಡೆ ಕಾಪಿ ಮಾಡಿಕೊಳ್ಳಿ.

ದೋಷದ ಸಾಲೇ ಇಲ್ಲದಿದ್ದರೆ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಎಷ್ಟೋ ಸಲ ಡ್ರೈವ್ ಲೆಟರ್ ಇಲ್ಲದಿರುವುದೇ ಸಮಸ್ಯೆ. ಲೆಟರ್ ಕೊಟ್ಟರೆ ಸಾಕು. ಆದರೆ ಇನಿಶಿಯಲೈಸ್ ಅಥವಾ ಫಾರ್ಮ್ಯಾಟ್ ಮಾಡಬೇಕೇ ಎಂದು ಕೇಳಿದರೆ ಒಪ್ಪಬೇಡಿ.

ಲಿನಕ್ಸ್ ಬಳಸುವವರು ಟರ್ಮಿನಲ್‌ನಲ್ಲಿ ಡಿ, ಎಂ, ಇ, ಎಸ್, ಜಿ ಅಕ್ಷರಗಳ ಕಮಾಂಡ್ ಕೊಟ್ಟರೆ ಇಂಥದ್ದೇ ಲಾಗ್ ಕಾಣುತ್ತದೆ. ಕೆಲವು ಕಂಪ್ಯೂಟರ್‌ಗಳಲ್ಲಿ ಅದರ ಮುಂದೆ 'ಸುಡೊ' ಸೇರಿಸಬೇಕಾಗುತ್ತದೆ.

ಕೆಂಪು ಗುರುತಿಗೆ ಹೆದರಬೇಡಿ

ಸರಿಯಾಗಿ ಕೆಲಸ ಮಾಡುವ ಕಂಪ್ಯೂಟರ್‌ನ ಈವೆಂಟ್ ವ್ಯೂವರ್‌ನಲ್ಲೂ ಕೆಂಪು ಎರರ್‌ಗಳು ಸಾಕಷ್ಟಿರುತ್ತವೆ. ಟೆಕ್ ಸಪೋರ್ಟ್ ಹೆಸರಿನಲ್ಲಿ ಫೋನ್ ಮಾಡುವ ವಂಚಕರು ಅವನ್ನೇ ತೋರಿಸಿ 'ವೈರಸ್ ಬಂದಿದೆ' ಎಂದು ಹಣ ಕೀಳುತ್ತಾರೆ. ಹಾಗೆ ತಾವಾಗಿಯೇ ಕರೆ ಮಾಡಿದವರಿಗೆ ನಿಮ್ಮ ಕಂಪ್ಯೂಟರ್‌ನ ರಿಮೋಟ್ ಆಕ್ಸೆಸ್ ಕೊಡಬೇಡಿ.