ಟೇಸ್ಟ್ ಆಫ್ ಶಿಕಾಗೊ

ಟೇಸ್ಟ್ ಆಫ್ ಶಿಕಾಗೊ, ಅಮೆರಿಕದ ಇಲಿನಾಯ್ ರಾಜ್ಯದ ಶಿಕಾಗೊ ನಗರದಲ್ಲಿ 1980ರಲ್ಲಿ ಶುರುವಾದ ವಾರ್ಷಿಕ ಆಹಾರ ಮೇಳ. ಮಿಷಿಗನ್ ಸರೋವರದ ದಂಡೆಯಲ್ಲಿರುವ ಗ್ರ್ಯಾಂಟ್ ಪಾರ್ಕ್ ಇದರ ನೆಲೆ. ನಗರಾಡಳಿತವೇ ನಡೆಸುವ ಈ ಮೇಳಕ್ಕೆ ಪ್ರವೇಶ ಶುಲ್ಕವಿಲ್ಲ, ತಿಂದದ್ದಕ್ಕೆ ಮಾತ್ರ ದುಡ್ಡು. ಊರಿನ ಬೇರೆ ಬೇರೆ ಬಡಾವಣೆಗಳ ಹೋಟೆಲಿನವರು ಒಂದೇ ಬಯಲಿಗೆ ಬಂದು ಮಳಿಗೆ ಹಾಕುತ್ತಾರೆ. ಇಷ್ಟು ಸರಳವಾದ ಏರ್ಪಾಟು ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಒಂದು ಮಹಾನಗರದ ಬೇಸಿಗೆಗೆ ಗುರುತಾಗಿ ಉಳಿದದ್ದೇ ಇದರ ಹೆಗ್ಗಳಿಕೆ.

ಮೇಳದ ಯೋಚನೆ ಆರ್ನಿ ಮಾರ್ಟನ್ ಎಂಬ ಹೋಟೆಲ್ ಉದ್ಯಮಿಯದು. ಊರಿನ ಹೋಟೆಲುಗಳೆಲ್ಲ ಬೀದಿಗಿಳಿದು ಜನರಿಗೆ ತಮ್ಮ ಅಡುಗೆಯ ರುಚಿ ತೋರಿಸಲಿ ಎಂದು ಆತ ಮೇಯರ್ ಜೇನ್ ಬರ್ನ್ ಅವರ ಮುಂದೆ ಪ್ರಸ್ತಾವವಿಟ್ಟರು. 1979ರಲ್ಲಿ ಚುನಾಯಿತರಾದ ಬರ್ನ್ ಶಿಕಾಗೊದ ಮೊದಲ ಮಹಿಳಾ ಮೇಯರ್. ಅವರು ಒಪ್ಪಿದರು. 1980ರ ಜುಲೈ 4, ಅಮೆರಿಕದ ಸ್ವಾತಂತ್ರ್ಯ ದಿನದಂದು, ಮಿಷಿಗನ್ ಅವೆನ್ಯೂದ ಒಂದು ಭಾಗದಲ್ಲಿ ವಾಹನ ಸಂಚಾರ ನಿಲ್ಲಿಸಿ ಮೇಳ ನಡೆಸಲಾಯಿತು. ಒಂದು ಲಕ್ಷ ಜನ ಬಂದರೆ ಹೆಚ್ಚು ಎಂದುಕೊಂಡಿದ್ದವರ ಮುಂದೆ ಸುಮಾರು ಎರಡೂವರೆ ಲಕ್ಷ ಜನ ಬಂದು ನಿಂತರು. ರಸ್ತೆ ಸಾಲದೆಂದು ಆ ಒಂದೇ ದಿನದಲ್ಲಿ ಖಚಿತವಾಯಿತು. 1981ರಲ್ಲಿ ಮೇಳ ಗ್ರ್ಯಾಂಟ್ ಪಾರ್ಕಿಗೆ ಬಂತು, ದಿನಗಳೂ ಹೆಚ್ಚಿದವು.

ಈ ಬಯಲಿನ ಕಥೆಯನ್ನು ಬಿಟ್ಟರೆ ಮೇಳದ ಇತಿಹಾಸ ಪೂರ್ತಿಯಾಗದು. ಸರೋವರದಂಚಿನ ಈ ಜಾಗ ಸಾರ್ವಜನಿಕರಿಗೆ ಸೇರಿದ್ದು, ಇಲ್ಲಿ ಎಂದೆಂದಿಗೂ ಕಟ್ಟಡಗಳು ಏಳಕೂಡದು ಎಂದು 1836ರ ನಕ್ಷೆಯಲ್ಲೇ ಬರೆದಿಡಲಾಗಿತ್ತು. 1871ರ ಮಹಾ ಅಗ್ನಿದುರಂತದ ನಂತರ ಸುಟ್ಟ ಊರಿನ ಅವಶೇಷಗಳನ್ನು ಇಲ್ಲಿಯೇ ನೀರಿಗೆ ಸುರಿದರು, ಹಾಗೆ ನೆಲ ಬೆಳೆಯಿತು. ನೆಲ ಬೆಳೆದಂತೆ ಕಟ್ಟಡ ಕಟ್ಟುವ ಆಸೆಯೂ ಬೆಳೆಯಿತು. ಅಂಚೆಯ ಮೂಲಕ ಸರಕು ಮಾರಿ ಶ್ರೀಮಂತನಾಗಿದ್ದ ಮಾಂಟ್ಗೊಮರಿ ವಾರ್ಡ್ 1890ರಿಂದ 1911ರವರೆಗೆ ಕೋರ್ಟು ಹತ್ತಿ, ಊರಿನ ಪ್ರಮುಖರ ಸಿಟ್ಟು ಕಟ್ಟಿಕೊಂಡು, ಬಯಲನ್ನು ಬಯಲಾಗಿಯೇ ಉಳಿಸಿದ. ಆತ ಒಪ್ಪಿದ ಒಂದು ಕಟ್ಟಡವೆಂದರೆ ಆರ್ಟ್ ಇನ್‌ಸ್ಟಿಟ್ಯೂಟ್. 1893ರ ಸರ್ವಧರ್ಮ ಸಮ್ಮೇಳನ ನಡೆದದ್ದೂ, ಸ್ವಾಮಿ ವಿವೇಕಾನಂದರು ಮಾತನಾಡಿದ್ದೂ ಅದೇ ಕಟ್ಟಡದಲ್ಲಿ. ಲಕ್ಷಾಂತರ ಜನ ಬಿಟ್ಟಿಯಾಗಿ ಒಳಬಂದು ನಿಲ್ಲಬಲ್ಲ ಜಾಗ ನಗರದ ನಡುವೆ ಸಿಕ್ಕಿದ್ದು ವಾರ್ಡ್‌ನ ಹಟದಿಂದ.

ಹಲವು ವರ್ಷ ಮೇಳದಲ್ಲಿ ರೊಕ್ಕದ ಬದಲು ಟಿಕೆಟ್ ನಡೆಯುತ್ತಿತ್ತು. ಜನ ಟಿಕೆಟ್‌ಗಳ ಪಟ್ಟಿ ಕೊಂಡು, ಮಳಿಗೆಯಲ್ಲಿ ಬೇಕಾದಷ್ಟು ಹರಿದು ಕೊಡುತ್ತಿದ್ದರು. ಹೊಟ್ಟೆ ತುಂಬ ಒಂದನ್ನೇ ತಿನ್ನುವ ಬದಲು ಹತ್ತು ಮಳಿಗೆ ಸುತ್ತಲಿ ಎಂದು ಪುಟ್ಟ ಪ್ರಮಾಣದ ತಟ್ಟೆಗಳೂ ಬಂದವು. ದಪ್ಪ ಅಂಚಿನ, ಚೀಸ್ ಮೇಲೆ ಟೊಮೆಟೊ ಸಾಸ್ ಸುರಿದ ಡೀಪ್ ಡಿಶ್ ಪಿಜ್ಜಾ, ಸುಟ್ಟ ಪಕ್ಕೆಲುಬಿನ ಮಾಂಸ, ರಸದಲ್ಲಿ ಅದ್ದಿದ ಬ್ರೆಡ್ಡಿನೊಳಗಿನ ಇಟಾಲಿಯನ್ ಬೀಫ್, ಕೈಯಲ್ಲಿ ಹಿಡಿದು ನಡೆಯುತ್ತಲೇ ಕಚ್ಚುವ ಟರ್ಕಿ ಕೋಳಿಯ ಕಾಲು ಇಲ್ಲಿನ ಹೆಸರುವಾಸಿ ತಿನಿಸುಗಳು. ಶಿಕಾಗೊ ಹಾಟ್ ಡಾಗ್‌ಗೆ ಅದರದೇ ಕಟ್ಟುಪಾಡು. ಗಸಗಸೆ ಉದುರಿಸಿದ ಬನ್ನಿನೊಳಗೆ ಸಾಸೇಜ್, ಅದರ ಮೇಲೆ ಹಳದಿ ಸಾಸಿವೆ ಗೊಜ್ಜು, ಹೆಚ್ಚಿದ ಈರುಳ್ಳಿ, ಕಡುಹಸಿರು ರೆಲಿಶ್, ಟೊಮೆಟೊ ಹೋಳು, ಸೌತೆಯ ಉಪ್ಪಿನಕಾಯಿ, ಪುಟ್ಟ ಮೆಣಸಿನಕಾಯಿ, ಕೊನೆಗೆ ಸೆಲರಿ ಉಪ್ಪು. ಕೆಚಪ್ ಹಾಕಿದರೆ ಊರಿನವರು ಒಪ್ಪುವುದಿಲ್ಲ. ಎಲೀಸ್ ಚೀಸ್‌ಕೇಕ್ ಜನರ ಮುಂದೆ ಮೊದಲು ಬಂದದ್ದು 1980ರ ಆ ಮೊದಲ ಮೇಳದಲ್ಲೇ. ಒಬ್ಬ ಹೋಟೆಲಿನವನ ಸಿಹಿ ತಿನಿಸು ಅಲ್ಲಿಂದ ಮುಂದೆ ದೊಡ್ಡ ಬೇಕರಿ ಉದ್ಯಮವಾಗಿ ಬೆಳೆಯಿತು.

ಹತ್ತು ದಿನಗಳ ಮೇಳ, ಬಯಲು ಸಂಗೀತ, ಜುಲೈ 3ರ ರಾತ್ರಿ ಸರೋವರದ ಮೇಲೆ ಬಾಣಬಿರುಸು ಸೇರಿ ಬಹುಕಾಲ ಬೇಸಿಗೆಯ ಸಂಭ್ರಮ ಇಲ್ಲಿಯೇ ನಡೆಯಿತು. ಉತ್ತುಂಗದ ವರ್ಷಗಳಲ್ಲಿ ಬಂದವರ ಸಂಖ್ಯೆ 30 ಲಕ್ಷ ದಾಟಿತೆಂದು ನಗರಾಡಳಿತ ಹೇಳಿಕೊಂಡಿತ್ತು. ಜನಸಾಗರದ ಜೊತೆಗೆ ಅಪಾಯವೂ ಬಂತು. 2007ರಲ್ಲಿ ಒಂದು ಮಳಿಗೆಯ ಹಮ್ಮಸ್ ಖಾದ್ಯದಿಂದ ಸಾಲ್ಮೊನೆಲ್ಲಾ ಸೋಂಕು ಹರಡಿ ಏಳುನೂರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ಮರುವರ್ಷ ಬಾಣಬಿರುಸು ಮುಗಿದು ಜನ ಚದುರುತ್ತಿದ್ದಾಗ ಪೇಟೆಯಲ್ಲಿ ಗುಂಡು ಹಾರಿ ಒಬ್ಬರು ಸತ್ತರು.

ಜೊತೆಗೆ ಖರ್ಚಿನ ಹೊರೆ. ಮೇಳವನ್ನು ಖಾಸಗಿಯವರಿಗೆ ವಹಿಸುವ ಮಾತು ಎದ್ದು, ಬಂದ ಪ್ರಸ್ತಾವದಲ್ಲಿ ಪ್ರವೇಶ ಶುಲ್ಕವೂ ಇತ್ತು. ನಗರಾಡಳಿತ ಅದನ್ನು ತಿರಸ್ಕರಿಸಿತು. ಮೇಳದ ಇತಿಹಾಸದಲ್ಲಿ ಇದಕ್ಕಿಂತ ಮುಖ್ಯವಾದ ತೀರ್ಮಾನ ಇನ್ನೊಂದಿಲ್ಲ. ಬದಲಿಗೆ 2012ರಲ್ಲಿ ಹತ್ತು ದಿನವನ್ನು ಐದಕ್ಕೆ ಇಳಿಸಿ, ಸ್ವಾತಂತ್ರ್ಯ ದಿನದ ಗದ್ದಲದಿಂದ ಬಿಡಿಸಿ ಜುಲೈ ಮಧ್ಯಕ್ಕೆ ಸರಿಸಿದರು. ಮರುವರ್ಷ ಲೆಕ್ಕ ಲಾಭಕ್ಕೆ ತಿರುಗಿತು.

ಕೊರೊನಾ ಕಾಲದಲ್ಲಿ ಗ್ರ್ಯಾಂಟ್ ಪಾರ್ಕ್ ಖಾಲಿಯಾಯಿತು. 2022ರಲ್ಲಿ ಮೇಳ ಮೂರು ದಿನಗಳ ಮಟ್ಟಿಗೆ ಮರಳಿತು. ಅದಕ್ಕೂ ಮುನ್ನ ಆಸ್ಟಿನ್, ಪುಲ್‌ಮನ್, ಲಿಟಲ್ ವಿಲೇಜ್ ಬಡಾವಣೆಗಳಲ್ಲಿ ಕಿರು ಮೇಳಗಳು ನಡೆದವು. ಪೇಟೆಯಿಂದ ದೂರದ ಜನರ ಮನೆಬಾಗಿಲಿಗೆ ಹೋದ ಈ ಹೆಜ್ಜೆ ಮೇಳದ ಮೂಲ ಉದ್ದೇಶಕ್ಕೆ ಹತ್ತಿರವಾದದ್ದು. 2023ರಲ್ಲಿ ಜುಲೈ ಮೊದಲ ವಾರಾಂತ್ಯದಲ್ಲಿ ಗ್ರ್ಯಾಂಟ್ ಪಾರ್ಕಿನ ಸುತ್ತ ನಾಸ್ಕಾರ್ ಕಾರು ಪಂದ್ಯ ಬಂತು, ಮೇಳ ಸೆಪ್ಟೆಂಬರ್‌ಗೆ ಸರಿಯಿತು. ಮುಂದಿನ ವರ್ಷವೂ ಅದು ಸೆಪ್ಟೆಂಬರ್‌ನಲ್ಲೇ ನಡೆಯಿತು. ಜುಲೈ ಕೈತಪ್ಪಿದ್ದು ದೊಡ್ಡ ನಷ್ಟವೇ. ಆದರೂ ಗ್ರ್ಯಾಂಟ್ ಪಾರ್ಕಿನಲ್ಲಿ ಮೇಳಕ್ಕೆ ಪ್ರವೇಶ ಉಚಿತವಾಗಿಯೇ ಉಳಿಯಿತು.