ಗಿಯೋನ್ ಮತ್ಸುರಿ

ಗಿಯೋನ್ ಮತ್ಸುರಿಯು ಜಪಾನಿನ ಕ್ಯೋಟೋ ನಗರದಲ್ಲಿರುವ ಯಾಸಕಾ ಎಂಬ ಶಿಂಟೋ ದೇಗುಲದ ಬೇಸಿಗೆಯ ಉತ್ಸವ. ಇದು ಪ್ರತಿವರ್ಷ ಜುಲೈ 1ರಿಂದ 31ರವರೆಗೆ ನಡೆಯುತ್ತದೆ. ಎತ್ತರದ ತೇರುಗಳ ಮೆರವಣಿಗೆಗೂ ಅದಕ್ಕೆ ಮುಂಚಿನ ರಾತ್ರಿಗಳಲ್ಲಿ ಬೀದಿ ತುಂಬುವ ತಿಂಡಿ ಅಂಗಡಿಗಳಿಗೂ ಉತ್ಸವವು ಹೆಸರಾಗಿದೆ. ಇಂದು ಜಾತ್ರೆಯಂತೆ ಕಾಣುವ ಇದು ಮೂಲತಃ ಸಾಂಕ್ರಾಮಿಕ ರೋಗವನ್ನು ಊರಿನಿಂದ ಹೊರದೂಡುವ ವಿಧಿ.

ಇತಿಹಾಸ

ಸಂಪ್ರದಾಯದ ಪ್ರಕಾರ 869ರಲ್ಲಿ ರೋಗ ಹರಡಿದಾಗ ಅಂದಿನ ಪ್ರಾಂತಗಳ ಸಂಖ್ಯೆಗೆ ಸರಿಯಾಗಿ 66 ಭರ್ಜಿಗಳನ್ನು ನೆಟ್ಟು ಪ್ರಾರ್ಥಿಸಲಾಯಿತು. ಮಳೆಗಾಲ ಮುಗಿದು ಸೆಕೆ ಏರುವ ಈ ದಿನಗಳೇ ಹಳೆಯ ಕ್ಯೋಟೋದಲ್ಲಿ ರೋಗದ ದಿನಗಳೂ ಆಗಿದ್ದವು. 1467ರಲ್ಲಿ ಆರಂಭವಾದ ಓನಿನ್ ಯುದ್ಧದಿಂದ ನಿಂತ ಉತ್ಸವವು 1500ರಲ್ಲಿ ಮರಳಿತು. 1533ರಲ್ಲಿ ಆಳುವವರು ದೇಗುಲದ ವಿಧಿಗಳನ್ನು ತಡೆದಾಗ, ವಿಧಿ ನಡೆಯದಿದ್ದರೂ ತೇರುಗಳನ್ನು ಹೊರಡಿಸುವೆವೆಂದು ಪಟ್ಟಣಿಗರು ಪಟ್ಟು ಹಿಡಿದರು. ತೇರುಗಳ ಒಡೆತನ ಇಂದಿಗೂ ದೇಗುಲದ್ದಲ್ಲ, ಆಯಾ ಕೇರಿಗಳದ್ದು. ರೋಗ ನಿವಾರಣೆಗೆಂದೇ ಹುಟ್ಟಿದ ಈ ಉತ್ಸವದ ಮೆರವಣಿಗೆಯು 2020 ಮತ್ತು 2021ರಲ್ಲಿ ಕೋವಿಡ್ ಕಾರಣದಿಂದಲೇ ರದ್ದಾದದ್ದು ವಿಪರ್ಯಾಸ.

ಹೆಸರಿಗೆ ಭಾರತದ ನಂಟಿದೆ. ಬುದ್ಧನು ಮಳೆಗಾಲಗಳನ್ನು ಕಳೆದ ಶ್ರಾವಸ್ತಿಯ ಜೇತವನ ವಿಹಾರದ ಜಪಾನೀ ಹೆಸರು ಗಿಯೋನ್ ಶೋಜಾ. ಅದನ್ನು ಕಾಯುವ ದೇವತೆಯೆಂದು ನಂಬಲಾದ ಗೋಜು ತೆನ್ನೋ ಇಲ್ಲಿನ ಆರಾಧ್ಯದೈವವಾಗಿದ್ದನು. 1868ರಲ್ಲಿ ಸರ್ಕಾರವು ಬೌದ್ಧ ಮತ್ತು ಶಿಂಟೋ ಆಚರಣೆಗಳನ್ನು ಬೇರ್ಪಡಿಸಿದಾಗ ದೇಗುಲಕ್ಕೆ ಯಾಸಕಾ ಎಂಬ ಹೆಸರು ಬಂದಿತು. ದೈವವು ಸುಸಾನೊವೊ ಎಂದಾಯಿತು. ಉತ್ಸವಕ್ಕೆ ಮಾತ್ರ ಹಳೆಯ ಹೆಸರೇ ಉಳಿದಿದೆ.

ತೇರುಗಳು

ಯಾಮಾಹೊಕೊ ಎಂಬ ತೇರುಗಳು ಒಟ್ಟು 34. ಜುಲೈ 17ರಂದು 23, 24ರಂದು 11 ತೇರುಗಳು ಹೊರಡುತ್ತವೆ. 1966ರಲ್ಲಿ ಒಂದಾಗಿದ್ದ ಎರಡು ಮೆರವಣಿಗೆಗಳನ್ನು 2014ರಲ್ಲಿ ಮತ್ತೆ ಬೇರ್ಪಡಿಸಲಾಯಿತು. 1826ರಿಂದ ಹೊರಡದೆ ಉಳಿದಿದ್ದ ತಾಕಾಯಾಮಾ ತೇರು 2022ರಲ್ಲಿ ಮರಳಿತು. ದೊಡ್ಡ ತೇರುಗಳ ಎತ್ತರ ಸುಮಾರು 25 ಮೀಟರ್. ತೂಕ 10 ಟನ್ನಿಗೂ ಮಿಗಿಲು. ಚೌಕಟ್ಟನ್ನು ಮೊಳೆಗಳಿಲ್ಲದೆ ಹಗ್ಗದಿಂದ ಬಿಗಿಯುತ್ತಾರೆ. ಗಾಲಿಗಳು ತಿರುಗುವಂಥವಲ್ಲವಾದುದರಿಂದ, ಬೀದಿಯ ಮೂಲೆಯಲ್ಲಿ ಅವುಗಳ ಕೆಳಗೆ ಸೀಳಿದ ಹಸಿ ಬಿದಿರನ್ನು ಹಾಸಿ ನೀರು ಸುರಿದು ಇಡೀ ತೇರನ್ನು ಪಕ್ಕಕ್ಕೆ ಜಾರಿಸಿ ತಿರುಗಿಸುತ್ತಾರೆ. ಮೆರವಣಿಗೆಯಲ್ಲಿ ನೋಡಲೇಬೇಕಾದ ದೃಶ್ಯವಿದು. ತೇರುಗಳ ಮೈಗೆ ಹೊದಿಸುವ ಬಟ್ಟೆಗಳಲ್ಲಿ 16ನೇ ಶತಮಾನದ ಬೆಲ್ಜಿಯಂ ಚಿತ್ರಪಟಗಳೂ ಭಾರತದ ಜಮಖಾನೆಗಳೂ ಇದ್ದು, ಅವುಗಳಲ್ಲಿ ಕೆಲವನ್ನು ದಖ್ಖನ್ ಪ್ರದೇಶದ ನೇಯ್ಗೆಯೆಂದು ವಿದ್ವಾಂಸರು ಗುರುತಿಸಿದ್ದಾರೆ. ಈ ಮೆರವಣಿಗೆಯನ್ನು ಯುನೆಸ್ಕೊ 2009ರಲ್ಲಿ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಯೊಯಿಯಾಮಾ ರಾತ್ರಿಗಳು ಮತ್ತು ತಿಂಡಿ ಅಂಗಡಿಗಳು

ಮೊದಲ ಮೆರವಣಿಗೆಯ ಹಿಂದಿನ ಮೂರು ರಾತ್ರಿಗಳಲ್ಲಿ, ಅಂದರೆ ಜುಲೈ 14ರಿಂದ 16ರವರೆಗೆ, ನಿಂತ ತೇರುಗಳ ಮುಂದೆ ಕಾಗದದ ದೀಪಗಳ ಸಾಲು ಬೆಳಗುತ್ತದೆ; ಮೇಲೆ ಕುಳಿತವರು ಕೊಳಲು, ತಾಳ, ಡೋಲುಗಳನ್ನು ನುಡಿಸುತ್ತಾರೆ. 15 ಮತ್ತು 16ರ ಸಂಜೆ ಮುಖ್ಯ ಬೀದಿಗಳಲ್ಲಿ ವಾಹನ ಸಂಚಾರವನ್ನು ತಡೆಯುವುದರಿಂದ ಯತಾಯಿ ಎಂಬ ತಾತ್ಕಾಲಿಕ ಅಂಗಡಿಗಳು ಸಾಲುಗಟ್ಟುತ್ತವೆ. ಯುಕಾತಾ ಎಂಬ ತೆಳು ಹತ್ತಿಯ ನಿಲುವಂಗಿ ತೊಟ್ಟ ಜನರು ಕೈಯಲ್ಲಿ ಬೀಸಣಿಗೆ ಹಿಡಿದು ತಿರುಗಾಡುತ್ತಾರೆ. ಆಕ್ಟೋಪಸ್ ತುಂಡನ್ನು ಹಿಟ್ಟಿನೊಳಗಿಟ್ಟು ಗುಳಿಕಾವಲಿಯಲ್ಲಿ ಬೇಯಿಸುವ ತಾಕೊಯಾಕಿ, ಬಾಣಲೆಯಲ್ಲಿ ಹುರಿದ ಯಾಕಿಸೊಬಾ ಶ್ಯಾವಿಗೆ, ತುರಿದ ಮಂಜುಗಡ್ಡೆಗೆ ಬಣ್ಣದ ಪಾನಕ ಸುರಿದ ಕಾಕಿಗೋರಿ, ಸಕ್ಕರೆ ಪಾಕದಲ್ಲಿ ಅದ್ದಿದ ಸೇಬು ಇಲ್ಲಿ ಸಾಮಾನ್ಯ. ತೆಳು ಕಾಗದದ ಜರಡಿಯಿಂದ ಚಿನ್ನದ ಮೀನು ಎತ್ತುವ ಆಟ ಮಕ್ಕಳಿಗೆ ಪ್ರಿಯ. ಖಾರದ ತಿಂಡಿಗಳಲ್ಲಿ ಒಣಮೀನಿನ ಸಾರವೋ ಚೂರೋ ಬೆರೆತಿರುವುದು ಸಾಮಾನ್ಯವಾದ್ದರಿಂದ ಸಸ್ಯಾಹಾರಿಗಳು ವಿಚಾರಿಸಿ ಕೊಳ್ಳುವುದು ಒಳಿತು. ಎರಡನೆಯ ಮೆರವಣಿಗೆಯ ಹಿಂದಿನ ರಾತ್ರಿಗಳಲ್ಲಿ ಈ ಅಂಗಡಿಗಳಿರುವುದಿಲ್ಲ. ತೇರುಗಳನ್ನು ನಿಧಾನವಾಗಿ ನೋಡಬಯಸುವವರಿಗೆ ಆ ದಿನಗಳೇ ಮೇಲು.

ಚಿಮಾಕಿ ಮತ್ತು ಸೌತೆಕಾಯಿ

ತೇರುಗಳ ಬಳಿ ಮಾರುವ ಚಿಮಾಕಿಯನ್ನು ಹೊಸಬರು ತಿಂಡಿಯೆಂದು ಭಾವಿಸುವುದುಂಟು. ಬಿದಿರೆಲೆಯಲ್ಲಿ ಸುತ್ತಿದ ಅಕ್ಕಿ ಕಡುಬಿಗೂ ಅದೇ ಹೆಸರಿದೆ. ಆದರೆ ಇಲ್ಲಿನದು ತಿನ್ನುವಂಥದ್ದಲ್ಲ, ಮನೆಬಾಗಿಲಿಗೆ ವರ್ಷವಿಡೀ ತೂಗುಹಾಕುವ ರಕ್ಷೆ. ಸೊಮಿನ್ ಶೋರಾಯ್ ಎಂಬ ಬಡವನು ಅಪರಿಚಿತ ಪಯಣಿಗನಿಗೆ ತನ್ನಲ್ಲಿದ್ದ ಕಿರುಧಾನ್ಯದ ಊಟವಿಕ್ಕಿದನೆಂದೂ, ಪಯಣಿಗನಾಗಿ ಬಂದಿದ್ದ ದೈವವು ಅವನ ವಂಶಕ್ಕೆ ರೋಗ ತಟ್ಟದಂತೆ ಕಾಯುವ ಮಾತು ಕೊಟ್ಟಿತೆಂದೂ ಕಥೆಯಿದೆ. ರಕ್ಷೆಯ ಮೇಲೆ ‘ಸೊಮಿನ್ ಶೋರಾಯ್‌ನ ಸಂತತಿ’ ಎಂಬ ಅರ್ಥದ ಬರಹವಿರುತ್ತದೆ.

ಅಡ್ಡಕ್ಕೆ ಕೊಯ್ದ ಸೌತೆಕಾಯಿಯು ದೇಗುಲದ ಲಾಂಛನವನ್ನು ಹೋಲುವುದರಿಂದ ಹಳೆಯ ಭಕ್ತ ಮನೆತನಗಳು ಜುಲೈನಲ್ಲಿ ಅದನ್ನು ತಿನ್ನುವುದಿಲ್ಲ. ಅದೇ ಬೀದಿಯಲ್ಲಿ ತಣ್ಣನೆಯ ಸೌತೆಕಾಯಿಯನ್ನು ಕಡ್ಡಿಗೆ ಚುಚ್ಚಿ ಮಾರುವ ಅಂಗಡಿಗಳೂ ಇರುತ್ತವೆ!

ದೇವರ ಪಲ್ಲಕ್ಕಿಗಳು

17ರ ತೇರುಗಳು ಬೀದಿಯನ್ನು ಶುದ್ಧಗೊಳಿಸುತ್ತವೆಂಬುದು ನಂಬಿಕೆ. ಅಂದು ಸಂಜೆ ದೇವರನ್ನು ಹೊತ್ತ ಮೂರು ಪಲ್ಲಕ್ಕಿಗಳು ದೇಗುಲದಿಂದ ಹೊರಟು ನಗರದೊಳಗಿನ ತಂಗುದಾಣಕ್ಕೆ ಬಂದು, 24ರ ರಾತ್ರಿ ಹಿಂದಿರುಗುತ್ತವೆ. ತೇರು ಮುಗಿದೊಡನೆ ಹೊರಟುಹೋಗುವ ಪ್ರವಾಸಿಗರು ಉತ್ಸವದ ತಿರುಳಾದ ಈ ಭಾಗವನ್ನೇ ಕಾಣುವುದಿಲ್ಲ. 31ರಂದು ಆವರಣದಲ್ಲಿರುವ ಸೊಮಿನ್ ಶೋರಾಯ್‌ನ ಚಿಕ್ಕ ಗುಡಿಯ ಮುಂದೆ ಹುಲ್ಲಿನ ದೊಡ್ಡ ಬಳೆಯನ್ನು ಕಟ್ಟಲಾಗುತ್ತದೆ. ಭಕ್ತರು ಅದರೊಳಗೆ ಹಾದುಹೋಗುವುದರೊಂದಿಗೆ ಉತ್ಸವವು ಮುಗಿಯುತ್ತದೆ.